ದ್ವೀಪದ ಸೌರವಿದ್ಯುತ್ತು ಮತ್ತು ಲಸಿಕೆಯ ಶೀತಕ

ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಕಾರ್ಖಾನೆಯ ನೆರೆಯವರಾದ ಲಿಂಗಂಪಲ್ಲಿಯ ಕನ್ನಡಿಗರಿಗೆ ವಿದ್ಯುತ್ತಿನ ವಿಚಾರ ಹೊಸತಲ್ಲ. ಇಲ್ಲಿ ವಿದ್ಯುತ್ತು ನಿಂತರೆ ಇನ್ವರ್ಟರ್ ಕೆಲವು ಗಂಟೆಗಳ ಕಾಲ ಕೈಹಿಡಿಯುತ್ತದೆ. ಆದರೆ ಮುಖ್ಯಭೂಮಿಯ ತಂತಿಯೇ ತಲುಪದ ಲಕ್ಷದ್ವೀಪದಂತಹ ಸ್ಥಳಗಳಲ್ಲಿ ಆರೋಗ್ಯ ಕೇಂದ್ರದ ಗತಿಯೇನು? ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದನ್ನು ಬಹುಮಂದಿ ಮರೆತಿದ್ದಾರೆ. ಅಲ್ಲಿಗೆ ಡೀಸೆಲ್ ಹಡಗಿನಲ್ಲೇ ಬರಬೇಕು. ಆ ಹೊರೆಯನ್ನು ಇಳಿಸಲೆಂದು 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಬ್ಯಾಟರಿಸಹಿತ ಸೌರಸ್ಥಾವರವು ಲೋಕಾರ್ಪಣೆಗೊಂಡಿತು. ಲಕ್ಷದ್ವೀಪದಲ್ಲಿ ಈ ಬಗೆಯದು ಅದೇ ಮೊದಲು.

ಹಳೆಯ ಸೌರವ್ಯವಸ್ಥೆಯನ್ನು ಬಲಪಡಿಸುವುದೆಂದರೆ ಫಲಕಗಳನ್ನು ಹೆಚ್ಚಿಸುವುದೆಂದೇ ಸಾಮಾನ್ಯರ ಎಣಿಕೆ. ಇದು ಅರ್ಧಸತ್ಯ. ಒಂದು ಸಣ್ಣ ಆರೋಗ್ಯ ಕೇಂದ್ರದ ದೀಪ, ಫ್ಯಾನು, ಲಸಿಕೆಯ ಶೀತಕ ಇವುಗಳಿಗೆ ದಿನಕ್ಕೆ 3 ಯೂನಿಟ್ ಬೇಕೆನ್ನೋಣ. ಮುಂಗಾರಿನಲ್ಲಿ ಎರಡು ದಿನ ಸೂರ್ಯದರ್ಶನವಾಗದಿದ್ದರೆ 6 ಯೂನಿಟ್ ಸಂಗ್ರಹವಿರಬೇಕು. 12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿರುವುದು 1.8 ಯೂನಿಟ್, ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಕ್ಷೇಮ, ಮೀರಿದರೆ ಬಾಳಿಕೆ ಕುಗ್ಗುತ್ತದೆ. ಅಂದರೆ ಏಳು ಬ್ಯಾಟರಿಗಳು ಬೇಕು. ಮೂರೇ ಇರುವಲ್ಲಿ ಫಲಕಗಳನ್ನು ಇಮ್ಮಡಿಸಿದರೆ ಹಗಲಿನ ವಿದ್ಯುತ್ತು ವ್ಯರ್ಥವಾಗುವುದೇ ಹೊರತು ರಾತ್ರಿಯ ಕತ್ತಲೆ ನೀಗದು. ಲಿಥಿಯಂ ಬ್ಯಾಟರಿಯಲ್ಲಿ ನೂರಕ್ಕೆ 80 ಭಾಗವನ್ನು ಬಳಸಬಹುದಾದ್ದರಿಂದ 7.5 ಯೂನಿಟ್ಟಿನದು ಸಾಕು. ಇನ್ನು ಉಪ್ಪುಗಾಳಿಯಿಂದ ಹಿಡಿಯುವ ತುಕ್ಕು, ತೆಂಗಿನ ಗರಿಗಳ ನೆರಳು, ಇವನ್ನು ನಿತ್ಯವೂ ಗಮನಿಸುವವರಿರಬೇಕು.

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಪಾಡಬೇಕು. ಬಿಸಿಯೊಂದೇ ಶತ್ರುವಲ್ಲ, ಹೆಪಟೈಟಿಸ್-ಬಿ, ಧನುರ್ವಾಯು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಕೆಟ್ಟ ಲಸಿಕೆ ನೋಟಕ್ಕೆ ಒಳ್ಳೆಯದರಂತೆಯೇ ಇರಬಹುದಾದ್ದರಿಂದ, ಚುಚ್ಚಿಸಿಕೊಂಡ ಮಗುವಿಗೆ ರಕ್ಷಣೆ ದೊರೆಯದಿದ್ದುದು ತಾಯಿಗೂ ತಿಳಿಯದು, ದಾದಿಗೂ ತಿಳಿಯದು. ಆದಕಾರಣ ವ್ಯವಸ್ಥೆಯನ್ನು ಸುಧಾರಿಸುವಾಗ ಶೀತಕವನ್ನು ಉಳಿದ ಬಳಕೆಯಿಂದ ಬೇರ್ಪಡಿಸುವುದೇ ಮೊದಲ ಕೆಲಸವೆಂದು ನನ್ನ ಅಭಿಪ್ರಾಯ. ಬ್ಯಾಟರಿಯೇ ಬೇಡದ ಸೌರಶೀತಕಗಳು ಈಗ ದೊರೆಯುತ್ತವೆ. ಅವು ಹಗಲಿನಲ್ಲಿ ಮಂಜುಗಡ್ಡೆ ಕಟ್ಟಿಕೊಂಡು, ಆ ಶೈತ್ಯದಿಂದಲೇ ರಾತ್ರಿಯನ್ನೂ ಮೋಡದ ದಿನಗಳನ್ನೂ ದಾಟುತ್ತವೆ. ಯಾರಾದರೂ ದೂರದರ್ಶನ ಹಚ್ಚಿ ಬ್ಯಾಟರಿಯನ್ನು ಬರಿದುಮಾಡಿದರೂ (ಮಾಡದೆ ಇರುವುದಿಲ್ಲ!) ಲಸಿಕೆಗೆ ಬಾಧೆಯಿಲ್ಲ. ಶೀತಕದ ಪಾಲು ದಿನಕ್ಕೆ 1 ಯೂನಿಟ್ ಎಂದಾದರೆ, ಏಳರ ಬದಲು ಐದು ಬ್ಯಾಟರಿಗಳೇ ಸಾಕಾಗುತ್ತವೆ.

ಕಳಚಿದ ಹಳೆಯ ಬ್ಯಾಟರಿಗಳನ್ನು ಮಾತ್ರ ದ್ವೀಪದಲ್ಲಿ ಬಿಡಬಾರದು. ಅವುಗಳ ಸೀಸವು ಮಣ್ಣು ನೀರುಗಳಿಗೆ ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅವುಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲಿರಿಸಿವೆ. ಹೊಸದನ್ನು ತಂದ ಹಡಗಿನಲ್ಲೇ ಹಳೆಯದು ಮರಳಲಿ. ಲಿಂಗಂಪಲ್ಲಿಯ ಮನೆಗಳ ಇನ್ವರ್ಟರ್ ಬ್ಯಾಟರಿಯನ್ನೂ ಗುಜರಿಯವನಿಗೆ ಕೊಡದೆ ಮಾರಾಟಗಾರರಿಗೇ ಹಿಂದಿರುಗಿಸತಕ್ಕದ್ದು.