ಕೇಳಿದ್ದಕ್ಕೆ ತಕ್ಕ ಉತ್ತರ, ಆದರೂ ಗುರುತು ನಿಜ

ಬನಹಟ್ಟಿಯ ನೇಕಾರ ಸಹೋದರರೇ,

ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶಗಳು ಓಡುವಂತೆ ಮಾಡುವ ‘ವೈನ್’ ಹಾಕಿಕೊಂಡು ಸೀರೆ ಅಂಚಿನ ಡಿಸೈನ್ ತಂತ್ರಾಂಶ ನಡೆಸುತ್ತಿದ್ದೀರಿ. ವೈನ್ ತನ್ನನ್ನು ವಿಂಡೋಸ್ ಎಂದು ಹೇಳಿಕೊಳ್ಳುವುದು ಮೋಸವೇ ಎಂಬುದು ನಿಮ್ಮ ಪ್ರಶ್ನೆ.

ಮೋಸವಲ್ಲ. ತಂತ್ರಾಂಶ ಆವೃತ್ತಿ ಕೇಳುವುದು ಯಾವ ಸೌಲಭ್ಯ ಸಿಗುತ್ತದೆಂದು ತಿಳಿಯಲು. ಉತ್ತರವಾಗಿ ಬೇರೆ ಹೆಸರು ಬಂದರೆ ಹಳೆಯ ತಂತ್ರಾಂಶ ಹೊಸ್ತಿಲಲ್ಲೇ ನಿಂತುಬಿಡಬಹುದು. 1993ರಲ್ಲಿ ಶುರುವಾದ ವೈನ್ ತನ್ನ ಗುರುತನ್ನೂ ಮುಚ್ಚಿಟ್ಟಿಲ್ಲ. ‘ವೈನ್ ಗೆಟ್ ವರ್ಷನ್’ ಎಂಬ ಫಂಕ್ಷನ್ ಕರೆದರೆ ತನ್ನ ನಿಜ ಆವೃತ್ತಿಯನ್ನೇ ಹೇಳುತ್ತದೆ.

ವೈನ್ ಸೆಟ್ಟಿಂಗ್ಸ್‌ನಲ್ಲಿ ಆ ಒಂದು ತಂತ್ರಾಂಶಕ್ಕಷ್ಟೇ ಬೇಕಾದ ವಿಂಡೋಸ್ ಆವೃತ್ತಿ ಆರಿಸಿ. ದೋಷ ಕಂಡರೆ ಡಿಸೈನ್ ತಂತ್ರಾಂಶದ ತಯಾರಕರಿಗೆ ವೈನ್ ಬಳಕೆಯನ್ನು ತಪ್ಪದೆ ತಿಳಿಸಿ. ಪವರ್‌ಲೂಮ್ ಸೀರೆಗೆ ಕೈಮಗ್ಗದ ಮುದ್ರೆ ಒತ್ತಬಾರದು. ಆ ನೇಕಾರಿಕೆಯ ನಿಯತ್ತು ಇಲ್ಲಿಗೂ ಸಲ್ಲುತ್ತದೆ.