ಮುಕ್ತ ತಂತ್ರಾಂಶದ ಗಣಕಯಂತ್ರ: ಡೆಸ್ಕ್‌ಟಾಪ್ ಪರಿಸರದ ಆಯ್ಕೆ

ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11 ಅಳವಡಿಸಲು ಕನಿಷ್ಠ 4 ಜಿಬಿ ರ್‍ಯಾಮ್ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅಗತ್ಯ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಯಾವುದೇ ಅರಿವು ಕೇಂದ್ರದಲ್ಲಿ ಇದಕ್ಕೆ ಒಗ್ಗದ ಹಳೆಯ ಯಂತ್ರವಿದ್ದಲ್ಲಿ, ಅದನ್ನು ಮೂಲೆಗೆ ಸರಿಸುವ ಮುನ್ನ ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ವ್ಯವಸ್ಥೆಯನ್ನು ಪರಿಶೀಲಿಸಬಹುದು.

ಲಿನಕ್ಸ್‌ನಲ್ಲಿ ಒಳಗಿನ ವ್ಯವಸ್ಥೆ ಒಂದೇ ಆಗಿದ್ದರೂ ಪರದೆಯ ಮೇಲೆ ಕಾಣುವ ಮೆನು, ಕಿಟಕಿ, ಪಟ್ಟಿಗಳ ಸ್ವರೂಪವನ್ನು ಆರಿಸಿಕೊಳ್ಳಬಹುದು. ಇದಕ್ಕೆ ಡೆಸ್ಕ್‌ಟಾಪ್ ಪರಿಸರವೆಂದು ಹೆಸರು. ಮನೆಯ ತಳಪಾಯ ಅದೇ ಇದ್ದು, ಮುಂಬಾಗಿಲು ಮತ್ತು ಪಡಸಾಲೆ ಮಾತ್ರ ಬೇರೆಯಾದಂತೆ ಇದು.

1996ರಲ್ಲಿ ಆರಂಭವಾದ ಕೆಡಿಇ ಯೋಜನೆಯ ಪ್ಲಾಸ್ಮಾ ಹಾಗೂ 1997ರಲ್ಲಿ ಆರಂಭವಾದ ಗ್ನೋಮ್ ಸೌಲಭ್ಯಸಮೃದ್ಧವಾದವು; ಗ್ನೋಮ್‌ನ ವಿನ್ಯಾಸವು ವಿಂಡೋಸ್ ಬಳಸಿದವರಿಗೆ ಮೊದಲಿಗೆ ಅಪರಿಚಿತವೆನಿಸುತ್ತದೆ. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಹಗುರವಾಗಿದ್ದು, ಕಡಿಮೆ ರ್‍ಯಾಮ್ ಇರುವ ಯಂತ್ರಗಳಿಗೆ ಹೊಂದುತ್ತವೆ. ಲಿನಕ್ಸ್ ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ಆವೃತ್ತಿಗಳು ಲಭ್ಯವಿದ್ದು, ಮೂರರಲ್ಲಿಯೂ ವಿಂಡೋಸ್‌ನಂತೆಯೇ ಕೆಳಪಟ್ಟಿ ಮತ್ತು ಮೆನು ಇರುತ್ತವೆ.

ಆಯ್ಕೆಯನ್ನು ಅಂದಚೆಂದದಿಂದ ನಿರ್ಧರಿಸುವುದು ಸೂಕ್ತವಲ್ಲ. ಯಂತ್ರದ ಶಕ್ತಿ ಎಷ್ಟು, ಅದರ ಮುಂದೆ ಕುಳಿತುಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳೇ ಮುಖ್ಯ. 2 ಜಿಬಿ ರ್‍ಯಾಮ್‌ನ ಯಂತ್ರಕ್ಕೆ ಭಾರವಾದ ಪರಿಸರವನ್ನು ಹೊರಿಸಿದರೆ ವಿದ್ಯಾರ್ಥಿಯು ಒಂದು ಪುಟ ತೆರೆಯಲು ಕಾಯಬೇಕಾಗುತ್ತದೆ. ಕೆಲವೇ ದಿನಗಳಲ್ಲಿ ಆ ಯಂತ್ರದ ಬಳಿ ಯಾರೂ ಸುಳಿಯುವುದಿಲ್ಲ. ಮೆನು ಅರ್ಥವಾಗದಿದ್ದರೂ ಪರಿಣಾಮ ಅದೇ. ಬಳಕೆಯಾಗದ ಯಂತ್ರವು ಉಚಿತ ತಂತ್ರಾಂಶವನ್ನು ಹೊಂದಿದ್ದರೂ ಸಾರ್ವಜನಿಕ ಹಣದ ನಷ್ಟವೇ ಆಗಿದೆ.

ಆದ್ದರಿಂದ ಅಳವಡಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ವ್ಯವಸ್ಥೆಯನ್ನು ನಡೆಸಿ ನೋಡುವುದು ಒಳಿತು. ಇದರಿಂದ ಯಂತ್ರದಲ್ಲಿರುವ ಕಡತಗಳು ಅಳಿಯುವುದಿಲ್ಲ. ಗ್ರಂಥಾಲಯ ಮೇಲ್ವಿಚಾರಕರು ಹಾಗೂ ಇಬ್ಬರು ಮೂವರು ವಿದ್ಯಾರ್ಥಿಗಳಿಂದ ಕನ್ನಡ ಬೆರಳಚ್ಚು, ಮುದ್ರಣ, ಅಂತರ್ಜಾಲ ಬಳಕೆಯನ್ನು ಮಾಡಿಸಿ ನೋಡತಕ್ಕದ್ದು. ಐಬಸ್ ಸಾಧನದ ಮೂಲಕ ಇನ್‌ಸ್ಕ್ರಿಪ್ಟ್ ಹಾಗೂ ಕೆಜಿಪಿ ಕೀಲಿಮಣೆ ವಿನ್ಯಾಸಗಳು ದೊರೆಯುತ್ತವೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯ ಕಡತಗಳನ್ನು ಮಾತ್ರ ಮೊದಲೇ ಪರಿವರ್ತಿಸಿಕೊಳ್ಳಬೇಕು.

ಒಂದು ಎಚ್ಚರಿಕೆ ಅವಶ್ಯ. ಇ-ಸ್ವತ್ತು ಮುಂತಾದ ಕಾರ್ಯಗಳಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುವ ಕಚೇರಿ ಯಂತ್ರವನ್ನು, ಆ ಟೋಕನ್ ಲಿನಕ್ಸ್‌ನಲ್ಲಿ ಕೆಲಸ ಮಾಡುವುದು ಖಚಿತವಾಗುವವರೆಗೆ ಬದಲಾಯಿಸಬಾರದು. ಡೆಸ್ಕ್‌ಟಾಪ್ ಪರಿಸರವನ್ನು ಬದಲಿಸಿದರೆ ಆ ತೊಡಕು ನೀಗುವುದಿಲ್ಲ. ಅಲ್ಲಿ ತಪ್ಪಾದರೆ ಖಾತೆಗಾಗಿ ಬಂದ ರೈತರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಮೊದಲು ಅರಿವು ಕೇಂದ್ರದ ಒಂದೇ ಯಂತ್ರದಲ್ಲಿ ಪ್ರಯೋಗ ನಡೆಸಿ, ಬಳಸಿದವರ ಅಭಿಪ್ರಾಯವನ್ನು ಸಾಮಾನ್ಯ ಸಭೆಯ ಮುಂದಿರಿಸಿ, ಅನಂತರ ಉಳಿದ ಯಂತ್ರಗಳ ಬಗ್ಗೆ ನಿರ್ಣಯ ಕೈಗೊಳ್ಳುವುದು ಸೂಕ್ತ ಕ್ರಮವಾಗಿರುತ್ತದೆ.