ತೊನೆದಾಡುತ್ತಲೇ ನಿಲ್ಲಲು ಕಲಿಯುವ ಕಂದ

ವರ್ಷದ ಆಸುಪಾಸಿನ ಮಗು ಕೈಬಿಟ್ಟು ನಿಂತ ಕೂಡಲೇ ಮನೆಯಲ್ಲಿ ಎರಡು ಕೂಗು ಏಳುತ್ತವೆ. ‘ನಿಂತ, ನಿಂತ’ ಎಂಬುದೊಂದು, ‘ಹಿಡ್ಕೊಳ್ರೀ, ಬೀಳ್ತಾನೆ’ ಎಂಬುದು ಇನ್ನೊಂದು. ಹಿಡಿಯಲು ಓಡುವುದು ಪ್ರೀತಿಯ ಕೈಯೇ. ಆದರೆ ಆ ತೊನೆದಾಟದ ಹಿಂದೆ ಏನು ನಡೆದಿದೆ ಎಂದು ಗೊತ್ತಿದ್ದರೆ, ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ತಿಳಿಯಾಗುತ್ತದೆ.

ನೆಟ್ಟಗೆ ನಿಲ್ಲುವುದೆಂದರೆ ಅಲ್ಲಾಡದೆ ಇರುವುದಲ್ಲ. ನಿಂತಲ್ಲೇ ಸಣ್ಣಗೆ ಓಲುತ್ತಿರುವುದು ದೊಡ್ಡವರಿಗೂ ಸಹಜ. ಗೋಡೆಯ ಪಕ್ಕ ಪಾದಗಳನ್ನು ಜೋಡಿಸಿ, ಕಣ್ಣು ಮುಚ್ಚಿ ನಿಂತು ನೋಡಿ. ಕಣಕಾಲಿನ ಸ್ನಾಯುಗಳು ಬಿಗಿಯುತ್ತ, ಸಡಿಲಾಗುತ್ತ ದುಡಿಯುವುದು ನಿಮಗೇ ತಿಳಿಯುತ್ತದೆ. ಮಿದುಳಿಗೆ ಸುದ್ದಿ ಮೂರು ಕಡೆಯಿಂದ ಬರುತ್ತದೆ. ಸುತ್ತಲಿನದು ಸರಿದಂತೆ ಕಂಡರೆ ಕಣ್ಣು ಹೇಳುತ್ತದೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವರ್ತುಲ ನಾಳಗಳು ತಲೆ ತಿರುಗಿದ್ದನ್ನೂ, ಸುಣ್ಣದಂಶದ ಸೂಕ್ಷ್ಮ ಹರಳುಗಳು ತಲೆ ವಾಲಿದ್ದನ್ನೂ ತಿಳಿಸುತ್ತವೆ. ಮೂರನೆಯದು ಸ್ವಸಂವೇದನೆ, ಎಂದರೆ, ಕೈಕಾಲು ಎಲ್ಲಿದೆ ಎಂಬುದನ್ನು ನೋಡದೆಯೇ ಅರಿಯುವ ಶಕ್ತಿ. ಇದಕ್ಕೆ ಅಂಗಾಲಿನ ಚರ್ಮ, ಸ್ನಾಯು, ಕೀಲುಗಳೇ ಆಧಾರ. ತಲೆಯ ಹಿಂಭಾಗದ ಕಿರುಮಿದುಳು ಈ ಸುದ್ದಿಗಳನ್ನು ತಾಳೆ ನೋಡಿ ಸ್ನಾಯುಗಳ ಕೆಲಸವನ್ನು ತಿದ್ದುತ್ತದೆ. ದೊಡ್ಡವರ ಕಾಲು ಜಾರಿದಾಗ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲೇ ಸ್ನಾಯು ಬಿಗಿದಿರುತ್ತದೆ, ನಮ್ಮ ಅರಿವಿಗೆ ಬರುವ ಮುಂಚೆ.

ಮಗುವಿನಲ್ಲೂ ಇವೆಲ್ಲ ಇವೆ. ಇನ್ನೂ ಬೆಳೆಯಬೇಕಾದದ್ದು, ಯಾವ ಸುದ್ದಿಯನ್ನು ಯಾವಾಗ ನಂಬಬೇಕೆಂಬ ಅಂದಾಜು. ಡೇವಿಡ್ ಲೀ ಮತ್ತು ಎರಿಕ್ ಅರಾನ್ಸನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋಣೆಯ ಗೋಡೆಗಳು ಮಾತ್ರ ಸರಿಯುತ್ತಿದ್ದವು, ನೆಲ ಅಲುಗುತ್ತಿರಲಿಲ್ಲ. ಗೋಡೆ ಹತ್ತಿರ ಬಂದಾಗ, ಆಗಷ್ಟೇ ನಿಲ್ಲಲು ಕಲಿತ ಮಕ್ಕಳು ತಾವೇ ಮುಂದೆ ವಾಲಿದೆವೆಂಬಂತೆ ಹಿಂದಕ್ಕೆ ಬಾಗಿದರು; ಕೆಲವರು ಬಿದ್ದೇಬಿಟ್ಟರು. ಅಂಗಾಲು ‘ನೆಲ ಗಟ್ಟಿಯಿದೆ’ ಎನ್ನುತ್ತಿದ್ದರೂ ಕಣ್ಣಿನ ಮಾತೇ ಗೆದ್ದಿತ್ತು. ಈ ತೂಗಿ ನೋಡುವ ಜಾಣ್ಮೆ ಏಳೆಂಟು ವರ್ಷದಾಚೆಗೂ ಪಳಗುತ್ತಲೇ ಇರುತ್ತದೆ. ಹಾಗಾಗಿ ಕಾಲು ಅಗಲಿಸಿ, ಕೈ ಮೇಲೆತ್ತಿ ನಿಲ್ಲುವ ಮಗುವಿನ ಭಂಗಿಯಲ್ಲಿ ದೋಷವೇನೂ ಇಲ್ಲ. ಬೀಳುವುದೂ ಅಷ್ಟೇ. ಕ್ಯಾರೆನ್ ಅಡಾಲ್ಫ್ ತಂಡ 2012ರಲ್ಲಿ ವರದಿ ಮಾಡಿದಂತೆ, 12ರಿಂದ 19 ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 17 ಬಾರಿ ಬೀಳುತ್ತಾರೆ!

ಪ್ರತಿ ಓಲಾಟವೂ ಮಿದುಳಿಗೊಂದು ಲೆಕ್ಕ. ಕಂಕುಳಿಗೆ ಕೈಕೊಟ್ಟು ಎತ್ತಿ ನಡೆಸಿದರೆ ಭಾರ ನಮ್ಮ ಕೈಗೆ ಬರುತ್ತದೆ, ಮಗುವಿನ ಅಂಗಾಲಿಗೆ ಸುದ್ದಿಯೇ ಸಿಗುವುದಿಲ್ಲ. ಗಾಲಿಯ ವಾಕರ್ ಇನ್ನೂ ಕೆಟ್ಟದ್ದು. ಮಗು ಅದರಲ್ಲಿ ಕೂತು, ಕಾಲ್ಬೆರಳಿನಿಂದ ನೆಲ ತಳ್ಳುತ್ತದೆ; ಮುಂದಿನ ತಟ್ಟೆ ಪಾದವನ್ನೇ ಮರೆಮಾಡುತ್ತದೆ. ಮೆಟ್ಟಿಲಿನಿಂದ ಉರುಳಿದ ಪ್ರಕರಣಗಳಿಂದಾಗಿ ಕೆನಡಾ 2004ರಲ್ಲಿ ಅದನ್ನು ನಿಷೇಧಿಸಿತು. ಉಡುಗೊರೆಯಾಗಿ ಬಂದಿದ್ದರೆ ಅಟ್ಟಕ್ಕೆ ಹಾಕಿ, ಕೊಟ್ಟವರು ಬೇಸರಪಟ್ಟುಕೊಂಡರೂ ಸರಿಯೇ. ಅಜ್ಜಿಯರ ಕಾಲದ ಮೂರು ಗಾಲಿಯ ಮರದ ಗಾಡಿಯೇ ವಾಸಿ. ಅದನ್ನು ತಳ್ಳುವ ಮಗು ಸ್ವಂತ ಕಾಲ ಮೇಲೆ ನಿಂತಿರುತ್ತದೆ. ನಯವಾದ ನೆಲದಲ್ಲಿ ಗಾಡಿ ಮುಂದೋಡದಂತೆ ಒಬ್ಬರು ಜೊತೆಗಿರಬೇಕು, ಅಷ್ಟೇ.

ಮನೆಯೊಳಗೆ ಬರಿಗಾಲು ಒಳ್ಳೆಯದು. ಟೈಲ್ಸ್ ಮೇಲೆ ಕಾಲುಚೀಲ ಜಾರುತ್ತದೆ. ಮಂಚದ ಅಂಚು, ಗೋಡೆ ಹಿಡಿದು ಏಳಲು ಬಿಡಿ. ಮೆಟ್ಟಿಲಿಗೆ ಅಡ್ಡ ಕಟ್ಟಿ, ಚೂಪು ಮೂಲೆಯ ಸಾಮಾನು ಸರಿಸಿ, ಕೈಯಳತೆಯಲ್ಲಿ ಕೂತಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಿಲ್ಲುವುದು ಸುಮಾರು 7ರಿಂದ 17 ತಿಂಗಳೊಳಗೆ. ಅಂತರ ಇಷ್ಟು ದೊಡ್ಡದಿರುವಾಗ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಕೆ ಬೇಡ. ಆದರೆ ವರ್ಷ ತುಂಬಿದರೂ ಆಸರೆ ಹಿಡಿದು ನಿಲ್ಲದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಒಂದೇ ಪಕ್ಕದ ಕೈಕಾಲು ಬಳಸುತ್ತಿದ್ದರೆ ಅಥವಾ ಕಲಿತದ್ದನ್ನು ಮರೆಯುತ್ತಿದ್ದರೆ, ‘ನಿಧಾನವಾಗಿ ಕಲೀತಾನೆ ಬಿಡಿ’ ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.